ಮೈನಸ್ ನಲವತ್ತು

ಹಲಗೂರು ರಸ್ತೆಯ ಡಾಂಬರು
ಚಪ್ಪಲಿಗೆ ಅಂಟುವ ಏಪ್ರಿಲ್ಲು.
ಡ್ಯಾಶ್‌ಬೋರ್ಡಿನ ಮೂಲೆಯ ಹಸಿರು ಅಂಕಿ
ತಣ್ಣಗೆ ಹೇಳುತ್ತದೆ:
ಹೊರಗೆ ಮೈನಸ್ ನಲವತ್ತು.

ಮಳವಳ್ಳಿಯಲ್ಲಿ!
ಐಸ್‌ಕ್ಯಾಂಡಿಯವನೇ ಡಬ್ಬಿಗೆ ಒರಗಿ
ಬೆವರುವ ಹೊತ್ತಿನಲ್ಲಿ
ನನ್ನ ಪಿಕಪ್ಪು ಒಂದೇ
ಯಾವುದೋ ಹಿಮದೊಳಗೆ ನಿಂತುಬಿಟ್ಟಿದೆ.
ಇಂಥ ಚಳಿಗೆ ಎಸಿ ಯಾತಕ್ಕೆ ಎಂದು
ಕಂಪ್ರೆಸರ್ ಕದಲುವುದಿಲ್ಲ.
ಗುಂಡಿ ಒತ್ತಿದರೆ ಬಿಸಿಗಾಳಿ,
ಬೆನ್ನಿಗೂ ಸೀಟಿಗೂ ಬೆಸುಗೆ.

ನನ್ನ ಬೆನ್ನಿನ ಮಾತು ಬಿಡಿ.
ಹಿಂದೆ, ಒದ್ದೆ ಗೋಣಿಯ ಮರೆಯಲ್ಲಿ,
ನೂರೈವತ್ತು ಮೊಟ್ಟೆಯ ಚಾಕಿ ಹುಳ
ಎರಡನೇ ಜ್ವರಕ್ಕೆ ಕೂತಿವೆ.
ಮೇಯುವುದಿಲ್ಲ, ಹರಿಯುವುದಿಲ್ಲ,
ತಲೆಯೆತ್ತಿ ಸುಮ್ಮನೆ ಕಾಯುತ್ತವೆ
ಹಳೇ ತೊಗಲು ಬಿರಿಯಲೆಂದು.
ಕ್ಯಾಬಿನ್ನಿನ ಹಿಂಗಾಜು ಕೊರೆದು
ಅವಕ್ಕೊಂದು ಪೈಪು ಬಿಟ್ಟಿದೆ,
ನನ್ನ ತಂಪಿನಲ್ಲಿ ಒಂದು ಪಾಲು.
ಅದು ಭಾವಮೈದ ಜವರಾಯಿಯ ತಲೆ.
ಗಾಡಿಯಲ್ಲೂ ಅವನದು ಅರ್ಧ.
ಶಿವರಾತ್ರಿ ಆದಮೇಲೆ ಫೋನಿಲ್ಲ.

ಗ್ಯಾರೇಜಿನ ಇನಾಯತ್ ಬಾನೆಟ್ ಎತ್ತಲೇ ಇಲ್ಲ.
ಬಂಪರಿನಡಿ ರಟ್ಟು ಹಾಸಿ
ಅಂಗಾತ ಜಾರಿದ.
ಕಾಣುವುದು ಎರಡು ಪಾದ, ಕೇಳುವುದು ದನಿ:
"ಇಲಿ ಕಣಣ್ಣ. ವೈರು ಕಡ್ದು, ಬುಡಾನೂ ಮುಕ್ಕದೆ."
ಕ್ಲಿಪ್ಪು ಮೀಟಿ ಅಂಗೈಗೆ ಹಾಕಿದ,
ಹುಣಸೆಬೀಜದಷ್ಟು ಕರಿ ಪ್ಲಾಸ್ಟಿಕ್ಕು.
ಇಷ್ಟೇ ಇಷ್ಟು. ಗ್ರಿಲ್ಲಿನ ಹಿಂದೆ ಕೂತು
ಎದುರು ಗಾಳಿಗೆ ಮೂಗೊಡ್ಡಿ
ಇಡೀ ಗಾಡಿಗೆ ಲೋಕದ ಸುದ್ದಿ ಹೇಳುತ್ತಿದ್ದದ್ದು
ಇದು.

ಹೊಸದು ಮಂಡ್ಯದಿಂದ ಬರಬೇಕು,
ಬಸ್ಸಿನಲ್ಲಿ, ಕಂಡಕ್ಟರನ ಚೀಲದಲ್ಲಿ.
ಎರಡು ಗಂಟೆ.
ಹೊಂಗೆಯ ನೆರಳು ಸರಿದಂತೆಲ್ಲ
ಗಾಡಿಯನ್ನು ನಾವು ಮೂವರು ತಳ್ಳಿದೆವು,
ನಾನು, ಇನಾಯತ್, ಹುಡುಗ ಮಂಟೇಲಿಂಗ.
ಗೋಣಿಗೆ ನೀರು, ಮತ್ತೆ ನೀರು.
ತಟ್ಟೆಯೊಂದನ್ನು ಎಳೆದು ನೋಡಿದೆ:
ಸದ್ದಿಲ್ಲ. ಸತ್ತಿಲ್ಲ.

ಬಂದ ಹೊಸತನ್ನು ತಟಕ್ಕನೆ ಹಾಕಲಿಲ್ಲ.
ಮೀಟರಿನ ಎರಡು ಮುಳ್ಳು ಸಿಕ್ಕಿಸಿ
"ಮುಚ್ಚಲಾ ಮುಷ್ಟಿ" ಅಂದ ಹುಡುಗನಿಗೆ.
ಅಂಕಿ ಇಳಿಯಿತು, ಇಳಿಯಿತು.
ಎದುರು ಕಬ್ಬಿನಹಾಲಿನ ಅಂಗಡಿಯಿಂದ
ಲೋಟದಲ್ಲಿ ಐಸು ತರಿಸಿ ಅದ್ದಿದ.
ಅಂಕಿ ಸರಸರ ಏರಿತು.
"ಬಿಸಿಗೆ ಬಿಟ್ಕೊಡ್ತದೆ, ತಣ್ಣಗಾದ್ರೆ ಹಟ."
"ವೈರು ಕಡ್ದೋದ್ರೆ?"
"ಮಾತೇ ಬರಾಕಿಲ್ವಲ್ಲಣ್ಣ.
ಗಾಡಿ ಲೆಕ್ಕದಲ್ಲಿ ಅದೇ ಕಡೇ ಚಳಿ."

ನಾನು ಏನೂ ಹೇಳಲಿಲ್ಲ.
ಮಂಟೇಲಿಂಗ ಲೋಟದ ಐಸನ್ನು
ಬಾಯಿಗೆ ಹಾಕಿಕೊಂಡು ಬೈಸಿಕೊಂಡ,
"ಗ್ರೀಸ್ ಕೈ ಅದ್ದಿದ್ದೀಯ ಮುಂಡೇದೇ."

ವೈರು ಬೆಸೆದು, ಟೇಪು ಸುತ್ತಿ,
ಇಲಿಗೆಂದು ಮೇಲಷ್ಟು ಖಾರದಪುಡಿ ಬಳಿದು
ಟಕ್ ಅನ್ನಿಸಿದ ಕ್ಲಿಪ್ಪನ್ನು.
ಪಾರ್ಟಿಗೆ ಏಳುನೂರು, ಕೂಲಿ ನೂರು,
ಐಸಿನ ದುಡ್ಡು ಬೇಡ.

ಕೀಲಿ ತಿರುಗಿಸಿದರೆ ಮೊದಲು ಎರಡು ಗೀಟು,
ಆಮೇಲೆ ನಲವತ್ತೇಳು.
"ಇದೂ ಸುಳ್ಳಲ್ವೇನಯ್ಯ?"
"ನಿಂತಿದ್ರೆ ತನ್ನ ಕಾವನ್ನೇ ಲೋಕದ ಕಾವು ಅಂತದೆ.
ಓಡ್ಸಣ್ಣ. ಗಾಳಿ ಬೀಳ್ಲಿ."

ಓಡಿಸಿದೆ.
ಊರು ದಾಟುವಾಗ ನಲವತ್ತನಾಲ್ಕು,
ನಾಲೆಯ ಏರಿಯ ಮೇಲೆ ನಲವತ್ತು,
ಗದ್ದೆಬಯಲಿಗೆ ಇಳಿಯುತ್ತಲೇ
ಮೂವತ್ತೇಳೂವರೆ. ಅಲ್ಲಿಗೆ ನಿಂತಿತು.
ಕಂಪ್ರೆಸರ್ ಒಮ್ಮೆ ಕೆಮ್ಮಿ ಎದ್ದಿತು.
ಬೆವರಿದ ಕತ್ತಿಗೆ ತಂಪು ತಾಗಿ
ಉಳಿದದ್ದು ಪೈಪಿನೊಳಗೆ
ಬುಸ್ಸೆಂದು ಹಿಂದಕ್ಕೆ ಹೋಯಿತು.

ಹಿಂದಿನಿಂದ ಸದ್ದಿಲ್ಲ.
ಜ್ವರದ ಹುಳಕ್ಕೆ ಸದ್ದಿರುವುದಿಲ್ಲ, ಗೊತ್ತು.
ಆದರೂ ಕಿರುಗಾವಲಿಗೆ ಮೊದಲೇ
ಬೇವಿನ ಮರದ ಕೆಳಗೆ ನಿಲ್ಲಿಸಿ
ಇಳಿದು, ಗೋಣಿ ಎತ್ತಿ,
ಅಂಗೈ ಚಾಚಿ ಹಿಡಿದೆ ಒಳಗೆ.
ಮೀಟರನ್ನು ನಂಬಿದ್ದೆ.
ಆದರೂ.